ಯಂತ್ರದೊಳಗೆ ಜಾಗ ಹುಡುಕುವ ಜೋಡಿ ಅಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಆಕಾಶದ ಒಂದು ಮೂಲೆ ಮಾತ್ರ ತುಸು ತಿಳಿಯಾಗಿದೆ. ಸಂಶೋಧನಾ ಕೇಂದ್ರದ ಹಿಂಬಾಗಿಲಲ್ಲಿ ಕಾವಲುಗಾರ ಕುರ್ಚಿಯಿಂದ ಅರ್ಧ ಎದ್ದು, ಬಂದವರು ಯಾರೆಂದು ನೋಡಿ ಮತ್ತೆ ಕೂತುಕೊಳ್ಳುತ್ತಾನೆ. ಬಂದಿರುವುದು ಐವತ್ತೆಂಟು ದಾಟಿದ ಒಬ್ಬ ಹೆಂಗಸು. ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಊಟದ ಡಬ್ಬಿ, ಬೇಸಿಗೆಯಲ್ಲೂ ಬಿಡದ ಬೂದು ಸ್ವೆಟರು. "ಏನಕ್ಕ, ಇವತ್ತೂ ಸೂರ್ಯನಿಗಿಂತ ಮೊದಲೇ ಬಂದ್ರಾ?" ಎನ್ನುತ್ತಾನೆ ಅವನು. "ಅವನು ಸಂಜೆತನಕ ಇರ್ಬೇಕಪ್ಪ. ನಾನು ಬೇಗ ಬಂದು ಬೇಗ ಹೋಗೋಳು" ಎನ್ನುತ್ತ ಆಕೆ ಒಳಗೆ ನಡೆಯುತ್ತಾರೆ.

ಒಳಗೆ ಎರಡು ದಪ್ಪ ಬಾಗಿಲು ದಾಟಿದರೆ ಯಂತ್ರದ ಕೋಣೆ. ಕೋಣೆಯೆಂದರೆ ಸಾಮಾನ್ಯ ಕೋಣೆಯಲ್ಲ, ಒಂದು ಮದುವೆ ಮಂಟಪದಷ್ಟು ದೊಡ್ಡದು. ಆಳೆತ್ತರದ ಕಪ್ಪು ಬೀರುಗಳು ಸಾಲಾಗಿ ನಿಂತಿವೆ. ಅವುಗಳೊಳಗೆ ಸಾವಿರಾರು ಫ್ಯಾನುಗಳು ಒಟ್ಟಿಗೆ ತಿರುಗುವ ಸದ್ದಿಗೆ ಪಕ್ಕದಲ್ಲಿದ್ದವರ ಮಾತೂ ಕೇಳಿಸುವುದಿಲ್ಲ. ಆಕೆ ಕಿವಿಗೆ ದಪ್ಪ ಮುಚ್ಚಳ ಏರಿಸಿಕೊಂಡು, ತಮ್ಮ ಬಗ್ಗೆ ಬರೆಯಲು ಬಂದ ನನಗೂ ಒಂದು ಕೊಡುತ್ತಾರೆ. ಆಮೇಲೆ ಬೀರುಗಳ ಹಿಂದೆ ನಡೆಯುತ್ತ, ಹೊರಗೆ ಬರುವ ಗಾಳಿಗೆ ಅಂಗೈ ಒಡ್ಡುತ್ತಾರೆ. ಒಂದು ಬೀರುವಿನ ಗಾಳಿ ಬಿಸಿ, ಅದರ ಪಕ್ಕದ್ದು ಉಗುರುಬೆಚ್ಚಗೆ, ಅದರಾಚೆಯದು ತಣ್ಣಗೆ.

"ಕೈ ಇಡಿ ಇಲ್ಲಿ" ಎಂದು ನನ್ನ ಕಿವಿಯ ಹತ್ತಿರ ಕೂಗುತ್ತಾರೆ. "ತಣ್ಣಗಿದೆ ಅಲ್ವಾ? ಒಳಗೆ ಯಾರೋ ಜಾಗ ಹಿಡ್ಕೊಂಡು ಸುಮ್ನೆ ಮಲಗಿದ್ದಾರೆ ಅಂತ ಲೆಕ್ಕ. ಪರದೆ ಮೇಲೂ ಇದೇ ತೋರಿಸುತ್ತೆ ಬಿಡಿ. ಆದ್ರೂ ನನಗೆ ಒಂದು ಸಲ ಮುಟ್ಟಿ ನೋಡಿದ್ರೇನೇ ಸಮಾಧಾನ."

ಇದೊಂದು ಸೂಪರ್ ಕಂಪ್ಯೂಟರ್. ದೇಶದ ಬೇರೆ ಬೇರೆ ಕಡೆಯ ವಿಜ್ಞಾನಿಗಳು ತಮ್ಮ ದೊಡ್ಡ ಲೆಕ್ಕಗಳನ್ನು ಇದಕ್ಕೆ ಕಳಿಸುತ್ತಾರೆ. ಒಬ್ಬರಿಗೆ ಮೋಡಗಳ ಲೆಕ್ಕ, ಇನ್ನೊಬ್ಬರಿಗೆ ಔಷಧದ ಅಣುಗಳ ಲೆಕ್ಕ, ಮತ್ತೊಬ್ಬರಿಗೆ ಎಐಗೆ ಪಾಠ ಕಲಿಸುವ ಕೆಲಸ. ದಿನಕ್ಕೆ ಮುನ್ನೂರು, ನಾನ್ನೂರು ಕೆಲಸಗಳು ಬಂದು ಸರದಿಯಲ್ಲಿ ನಿಲ್ಲುತ್ತವೆ. ಯಾರ ಕೆಲಸ ಯಾವಾಗ, ಯಾವ ಬೀರುವಿನಲ್ಲಿ, ಯಾರ ಜೊತೆಗೆ ಓಡಬೇಕು ಎಂದು ನೋಡಿಕೊಳ್ಳುವುದು ಈಕೆಯ ಉದ್ಯೋಗ. ಕೇಂದ್ರದ ಪತ್ರಿಕಾ ಪ್ರಕಟಣೆಗಳಲ್ಲಿ ಯಂತ್ರದ ಹೆಸರಿರುತ್ತದೆ, ವಿಜ್ಞಾನಿಗಳ ಹೆಸರಿರುತ್ತದೆ, ಉದ್ಘಾಟನೆಗೆ ಬಂದವರ ಹೆಸರಂತೂ ಇದ್ದೇ ಇರುತ್ತದೆ. ಈಕೆಯದು ಎಲ್ಲೂ ಇಲ್ಲ. ಕಟ್ಟಡದೊಳಗೂ ಅಷ್ಟೇ, ಕ್ಯಾಂಟೀನಿನ ಅಡುಗೆಯವನಿಂದ ನಿರ್ದೇಶಕರವರೆಗೆ ಎಲ್ಲರಿಗೂ ಆಕೆ 'ಜೋಡಿ ಅಕ್ಕ'.

ಆ ಹೆಸರು ಬಂದ ಬಗೆಯನ್ನು ಅವರೇ ನಗುತ್ತ ಹೇಳುತ್ತಾರೆ. ಬೀರುಗಳೊಳಗೆ ತಟ್ಟೆ ಜೋಡಿಸಿಟ್ಟ ಹಾಗೆ ಪೆಟ್ಟಿಗೆಗಳಿವೆ. ಪ್ರತಿ ಪೆಟ್ಟಿಗೆಯಲ್ಲೂ ಎರಡು ಬಗೆಯ ದುಡಿಮೆಗಾರರು. ಒಂದು, ಮಾಮೂಲಿ ಪ್ರೊಸೆಸರುಗಳು. ನದಿಯನ್ನೋ ಗಾಳಿಯನ್ನೋ ಹೆಜ್ಜೆ ಹೆಜ್ಜೆಯಾಗಿ ಲೆಕ್ಕದಲ್ಲಿ ಹರಿಸಿ ನೋಡುವ ಕೆಲಸ, ಅಂದರೆ ಸಿಮ್ಯುಲೇಶನ್, ಇಲ್ಲಿ ಬಹುಪಾಲು ಅವುಗಳದ್ದು. ಇನ್ನೊಂದು, ಗ್ರಾಫಿಕ್ಸ್ ಚಿಪ್ಪುಗಳು. ಸಣ್ಣ ಸಣ್ಣ ಲೆಕ್ಕಗಳನ್ನು ಸಾವಿರಗಟ್ಟಲೆ ಒಟ್ಟಿಗೆ ಮಾಡಬಲ್ಲ ಅವು ಎಐಗೆ ಪಾಠ ಕಲಿಸಲು ಬೇಕು. ಎಐನವರು ಪೆಟ್ಟಿಗೆ ಹಿಡಿದರೆ ಪ್ರೊಸೆಸರುಗಳು ಬಹುಪಾಲು ಖಾಲಿ ಕೂರುತ್ತವೆ, ಸಿಮ್ಯುಲೇಶನ್‌ನವರು ಹಿಡಿದರೆ ಚಿಪ್ಪುಗಳು.

"ಎರಡು ರೂಮಿನ ಮನೆ ಬಾಡಿಗೆಗೆ ತಗೊಂಡು ಒಂದು ರೂಮಿಗೆ ಬೀಗ ಜಡಿದ ಹಾಗೆ. ಹೊರಗೆ ನೋಡಿದ್ರೆ ಜನ ಕ್ಯೂನಲ್ಲಿ ನಿಂತಿದ್ದಾರೆ. ಹೊಟ್ಟೆ ಉರಿಯುತ್ತೆ ನೋಡಿ. ಅದಕ್ಕೇ ನಾನು ಇಬ್ಬರನ್ನೂ ಒಂದೇ ಮನೆಗೆ ಕೂಡಿಸ್ತೀನಿ. ಯಾರನ್ನ ಬೇಕಾದ್ರೂ ಕೂಡ್ಸೋ ಹಾಗಿಲ್ಲ. ಇಬ್ಬರೂ ಹೊಟ್ಟೆಬಾಕರಾಗಿ ಇರೋ ಮೆಮೊರಿನೆಲ್ಲ ತಾವೇ ತಿಂದ್ರೆ ಜಗಳ. ಇಬ್ಬರೂ ಒಂದೇ ಹೊತ್ತಿಗೆ ಡಿಸ್ಕಿಗೆ ಬರೆದಿಡೋಕೆ ಓಡಿದ್ರೆ ಬಾಗಿಲಲ್ಲೇ ಸಿಕ್ಕಾಕೊಳ್ತಾರೆ. ಗುಣ ನೋಡಿ ಜೋಡಿ ಮಾಡ್ಬೇಕು."

ಸರದಿ ನೋಡಿಕೊಳ್ಳಲು ತಂತ್ರಾಂಶ ಇಲ್ಲವೇ ಎಂದರೆ, ಇದೆ. "ಅದು ಒಳ್ಳೆ ಕಂಡಕ್ಟರ್ ಇದ್ದ ಹಾಗೆ. ಟಿಕೆಟ್ ಇರೋರನ್ನ ಹತ್ತಿಸುತ್ತೆ, ಸೀಟು ತೋರಿಸುತ್ತೆ. ಯಾರ ಪಕ್ಕ ಯಾರು ಕೂತ್ರೆ ರಂಪ ಆಗುತ್ತೆ ಅನ್ನೋದನ್ನ ಮಾತ್ರ ನಾವು ಹೇಳಿಕೊಡ್ಬೇಕು." ಹೀಗೆ ಹೇಳಿಕೊಟ್ಟು ಹೇಳಿಕೊಟ್ಟು, ಅರ್ಧಕ್ಕರ್ಧ ಖಾಲಿ ಕೂರುತ್ತಿದ್ದ ಪ್ರೊಸೆಸರುಗಳಲ್ಲಿ ಈಗ ಐದರಲ್ಲಿ ನಾಲ್ಕು ಭಾಗ ದುಡಿಯುತ್ತಿವೆ. ವಿದ್ಯುತ್ತು ಸುಡುವುದು ಹೇಗೂ ತಪ್ಪುವುದಿಲ್ಲ, ಸುಟ್ಟದ್ದಕ್ಕೆ ಕೆಲಸವಾದರೂ ಆಗಲಿ ಎನ್ನುವುದು ಅವರ ವಾದ.

ಅಕ್ಕ ಈ ಕಟ್ಟಡಕ್ಕೆ ಬಂದದ್ದು ಡಿಪ್ಲೊಮಾ ಮುಗಿಸಿದ ವರ್ಷ, ಟೇಪು ಬದಲಾಯಿಸುವ ಕೆಲಸಕ್ಕೆ. ಆಗಿನ ಕಂಪ್ಯೂಟರಿನ ನೆನಪೆಲ್ಲ ದೊಡ್ಡ ದೊಡ್ಡ ಸುರುಳಿಗಳಲ್ಲಿ ಇರುತ್ತಿತ್ತು. ಸುರುಳಿ ಬಿಚ್ಚು, ಸುರುಳಿ ಹಾಕು, ದಿನವಿಡೀ ಇದೇ. ಅಪ್ಪ ಇರಲಿಲ್ಲ, ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದರು, ಹಿಂದೆ ಹನ್ನೊಂದು ವರ್ಷ ಚಿಕ್ಕವಳಾದ ತಂಗಿ. "ಅವಳ ಜಡೆ ಹೆಣೆದು ಶಾಲೆಗೆ ಬಿಟ್ಟು ಡ್ಯೂಟಿಗೆ ಬರ್ತಿದ್ದೆ. ಎಷ್ಟೋ ದಿನ ಅವಸರದಲ್ಲಿ ಒಂದೇ ಜಡೆ. ಇನ್ನೊಂದು ಕಡೆ ಕೂದಲು ಹಾಗೇ ಹಾರಾಡ್ತಿತ್ತು. ಪಾಪ, ಅದಕ್ಕೂ ಏನೂ ಅಂತಿರಲಿಲ್ಲ ಅವಳು" ಎಂದು ನೆನೆಯುತ್ತಾರೆ. ಟೇಪುಗಳು ಹೋದವು, ಯಂತ್ರಗಳು ಒಂದರ ಹಿಂದೆ ಒಂದು ಬದಲಾದವು. ಪ್ರತಿ ಸಲವೂ ಹೊಸದನ್ನು ಮೊದಲಿಂದ ಕಲಿತು ಅಕ್ಕ ಉಳಿದುಕೊಂಡರು.

ಉಳಿದುಕೊಂಡದ್ದಕ್ಕೆ ಬೆಲೆಯನ್ನೂ ತೆತ್ತಿದ್ದಾರೆ. ಕಿವಿ ಮುಚ್ಚಳ ಕೊಡುವ ಪದ್ಧತಿ ಬರುವ ಮೊದಲು ವರ್ಷಗಟ್ಟಲೆ ಆ ಸದ್ದಿನಲ್ಲೇ ನಿಂತು ಎಡಗಿವಿ ಮಂದವಾಗಿದೆ. ಮಾತಾಡುವವರನ್ನು ಬಲಗಡೆಗೆ ಬರಲು ಹೇಳುತ್ತಾರೆ. ಕೋಣೆಯ ಚಳಿಗೆ ಮೊಣಕಾಲು ಹಿಡಿದುಕೊಳ್ಳುತ್ತದೆ, ಸ್ವೆಟರು ಅದಕ್ಕೇ. ಗಂಡ ಒಂದು ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುವವರು. "ಇವಳು ಚಳೀಲಿ, ನಾನು ಬೆಂಕೀಲಿ. ಮನೇಲಿ ಸೇರಿದಾಗ ಹವಾಮಾನ ಸಮ ಆಗುತ್ತೆ" ಎಂದು ಅವರು ಸಂಜೆ ಚಹಾ ಕೊಡುತ್ತ ನನ್ನೊಡನೆ ತಮಾಷೆ ಮಾಡುತ್ತಾರೆ. ಮನೆ ಮೂರನೇ ಮಹಡಿಯಲ್ಲಿ. ಅಡುಗೆಮನೆ ಸೇರಿ ಮೂರು ಕೋಣೆ. ಅತ್ತೆಗೆ ಎಂಬತ್ತಾರು. ಸೊಸೆ ಏನು ಕೆಲಸ ಮಾಡುತ್ತಾಳೆಂದು ಕೇಳಿದೆ. "ಅದೇನೋ ದೊಡ್ಡ ಮಿಷನ್ನಂತೆ. ಅದು ಕೆಡದ ಹಾಗೆ ಇವಳು ಕಾವಲು ಕೂರ್ತಾಳೆ. ಕೆಟ್ರೆ ರಿಪೇರಿ ಮಾಡೋಕೆ ಬರಲ್ಲ ಇವಳಿಗೆ. ಮನೆ ಮಿಕ್ಸಿನೇ ಬರಲ್ಲ, ಇನ್ನು ಅದು ಬರುತ್ತಾ?" ಅಕ್ಕ ಅಡುಗೆಮನೆಯಿಂದಲೇ, "ಅತ್ತೆ ಹೇಳಿದ್ದು ನಿಜ, ಬರ್ಕೊಳ್ಳಿ" ಎನ್ನುತ್ತಾರೆ.

ಅಕ್ಕನ ಕಷ್ಟದ ಕಾಲ ಶುರುವಾದದ್ದು ಕಳೆದ ಮಳೆಗಾಲಕ್ಕೆ ಸ್ವಲ್ಪ ಮೊದಲು. ಕೇಂದ್ರದಲ್ಲಿ ಎಐ ತಂಡಕ್ಕೆ ಒಬ್ಬ ಹೊಸ ಮುಖ್ಯಸ್ಥರು ಬಂದಿದ್ದರು. ಎದೆಯವರೆಗೆ ಗಡ್ಡ, ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಹಾಗಾಗಿ ಎಲ್ಲರಿಗೂ ಗಡ್ಡದ ಮೇಷ್ಟ್ರು. ಎದೆಯ ಎಕ್ಸ್-ರೇ ನೋಡಿ ಶ್ವಾಸಕೋಶದ ರೋಗವನ್ನು ಬೇಗ ಗುರುತಿಸುವುದನ್ನು ಎಐಗೆ ಕಲಿಸುವುದು ಅವರ ಕೆಲಸ. ಲಕ್ಷಾಂತರ ಚಿತ್ರಗಳು, ವಾರಗಟ್ಟಲೆ ನಿಲ್ಲದ ಪಾಠ. ನಿರ್ದೇಶಕರು ಯಂತ್ರದ ಹೆಚ್ಚಿನ ಭಾಗವನ್ನು ಅವರಿಗೇ ಬಿಟ್ಟುಕೊಟ್ಟರು. ಮೇಲಿನ ಮಹಡಿಯಲ್ಲಿ ಕೂರುವ ನದಿ ಮೇಡಂ, ಅಂದರೆ ಪ್ರವಾಹದ ಮುನ್ಸೂಚನೆ ಕೊಡುವ ಎಂಜಿನಿಯರ್, ಹಳೆಯ ಯಂತ್ರಕ್ಕೆ ಹೋಗಬೇಕಾಯಿತು. ಅದರಲ್ಲಿ ಬೆಳಿಗ್ಗೆ ಶುರು ಮಾಡಿದ ನದಿಯ ಲೆಕ್ಕ ಕೈಗೆ ಬರುವಾಗ ಸಂಜೆ.

ಇದು ಅಕ್ಕನಿಗೆ ಸರಿಬರಲಿಲ್ಲ. ಗಡ್ಡದ ಮೇಷ್ಟ್ರ ಪೆಟ್ಟಿಗೆಗಳಲ್ಲಿ ಪ್ರೊಸೆಸರುಗಳು ಖಾಲಿಯಿದ್ದವು. ಅಲ್ಲೇ ನದಿಯನ್ನು ಹರಿಸಬಹುದು ಎಂದು ನಿರ್ದೇಶಕರ ಕೋಣೆಗೆ ಹೋಗಿ ಹೇಳಿದರು. "ನೋಡಿಮ್ಮ, ಕೆಟ್ರೆ ನನ್ನ ತಲೆ ಮೇಲೆ ಬರುತ್ತೆ" ಎಂದರು ಅವರು. ಎರಡನೇ ಸಲ ಹೋದಾಗಲೂ ಅದೇ ಮಾತು. ಮೂರನೇ ಸಲಕ್ಕೆ, "ಬೀರುಗಳ ಒಂದು ಸಾಲಿನಲ್ಲಿ ಮಾತ್ರ ಮಾಡಿ ನೋಡಿ. ಏನಾದ್ರೂ ಆದ್ರೆ ನಾನು ಒಪ್ಪಿಗೆ ಕೊಟ್ಟಿಲ್ಲ" ಎಂದು ನಕ್ಕರು. ಅರ್ಧ ತಮಾಷೆ, ಅರ್ಧ ನಿಜ.

ಆಗಬಾರದ್ದು ಆಗಿಯೇ ಆಯಿತು. ನದಿಯ ಲೆಕ್ಕ ಒಂದು ಹಂತದಲ್ಲಿ ಅಕ್ಕ ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಮೆಮೊರಿ ಬಾಚಿಕೊಂಡಿತು. ಆ ಪೆಟ್ಟಿಗೆಯಲ್ಲಿದ್ದ ಎಐ ಪಾಠ ಕುಸಿದುಬಿತ್ತು. ಎಐ ಪಾಠ ಎಲ್ಲ ಪೆಟ್ಟಿಗೆಗಳಲ್ಲೂ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯುವಂಥದ್ದು. ಒಂದು ಬಿದ್ದರೆ ಉಳಿದವೂ ನಿಲ್ಲುತ್ತವೆ. ಮೇಷ್ಟ್ರು ಹಿಂದಿನ ದಿನ ಬೆಳಿಗ್ಗೆಯಿಂದ ಏನನ್ನೂ ಉಳಿಸಿಟ್ಟಿರಲಿಲ್ಲ. ಇಡೀ ಒಂದು ದಿನದ ದುಡಿಮೆ ನೀರಲ್ಲಿ ಹೋಮ.

"ಅವರು ಬಂದು ಬಾಯಿಗೆ ಬಂದ ಹಾಗೆ ಅಂದ್ರು" ಎನ್ನುತ್ತಾರೆ ಅಕ್ಕ. "ಅವರ ತಪ್ಪೇನಿಲ್ಲ. ನನ್ನ ಲೆಕ್ಕ ತಪ್ಪಿತ್ತು. ಮುಂಚೆ ಅದರ ಹೊಟ್ಟೆ ಎಷ್ಟು ದೊಡ್ಡದು ಅಂತ ಅಳೀಬೇಕಿತ್ತು, ಅಳೀಲಿಲ್ಲ. ಆದ್ರೆ ಎಲ್ಲರ ಮುಂದೆ ಅಂದ್ರಲ್ಲ, ಅದು ಚುಚ್ಚಿತು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ. ಮಂದಗಿವಿ ನೋಡಿ, ನಲ್ಲಿ ಸದ್ದಲ್ಲಿ ನಾನು ಎಷ್ಟು ಜೋರಾಗಿ ಅತ್ತೆ ಅಂತ ನನಗೇ ಗೊತ್ತಾಗಲಿಲ್ಲ. ಹೊರಗೆ ಬಂದ್ರೆ ಕಸ ಗುಡಿಸೋಳು ನೀರು ಹಿಡ್ಕೊಂಡು ನಿಂತಿದ್ದಾಳೆ!"

ಆ ಮಧ್ಯಾಹ್ನ ಅವರು ಮಾಡಿದ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮೊದಲು ಮೇಷ್ಟ್ರ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡರು. ಆಮೇಲೆ, "ಸರ್, ಒಂದು ಲೋಟ ಚಹಾ ಕುಡಿಯೋಣ ಬನ್ನಿ. ಇನ್ನೊಬ್ಬರು ಇದ್ದಾರೆ, ಪರಿಚಯ ಮಾಡಿಸ್ತೀನಿ" ಎಂದು ಕ್ಯಾಂಟೀನಿಗೆ ಕರೆದರು. ಅಲ್ಲಿ ನದಿ ಮೇಡಂ ಕೂತಿದ್ದರು. ಒಂದೇ ಕಟ್ಟಡ, ಒಂದೇ ಲಿಫ್ಟು. ಒಬ್ಬರು ಯಾತಕ್ಕಾಗಿ ದುಡಿಯುತ್ತಿದ್ದಾರೆಂದು ಇನ್ನೊಬ್ಬರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ನಾನು ಮುಖ ಊದಿಸ್ಕೊಂಡೇ ಹೋಗಿದ್ದೆ" ಎಂದು ಗಡ್ಡದ ಮೇಷ್ಟ್ರು ನನ್ನೊಡನೆ ಹೇಳುತ್ತಾರೆ. "ಆ ಮೇಡಂ ತಮ್ಮ ಫೋನಲ್ಲಿ ಒಂದು ಫೋಟೋ ತೋರಿಸಿದ್ರು. ಹಿಂದಿನ ಪ್ರವಾಹದಲ್ಲಿ ಶಾಲೆ ಗೋಡೆ ಮೇಲೆ ಉಳಿದ ಕೆಸರಿನ ಗೆರೆ. ಮಕ್ಕಳು ಬರೆದ ಚಿತ್ರಗಳ ಮೇಲೆಲ್ಲ ಆ ಗೆರೆ ಹೋಗಿತ್ತು. ನಾನು ಕಲಿಸ್ತಿರೋದೂ ಚಿತ್ರಗಳನ್ನೇ ತಾನೇ? ಸಿಟ್ಟು ಎಲ್ಲಿ ಹೋಯ್ತೋ."

ಮೂವರೂ ಕೂತು ದಾರಿ ಹುಡುಕಿದರು. ಮೇಷ್ಟ್ರು ತಮ್ಮ ಪಾಠವನ್ನು ಆಗಾಗ ಉಳಿಸಿಡಲು ಒಪ್ಪಿದರು. ನದಿ ಮೇಡಂ ತಮ್ಮ ಲೆಕ್ಕದ ಹೊಟ್ಟೆಯನ್ನು ಸಣ್ಣದು ಮಾಡಿದರು. ಅಕ್ಕ ಇಬ್ಬರ ನಡುವೆ ಮೆಮೊರಿಗೆ ಗೋಡೆ ಕಟ್ಟಿ, ಇಬ್ಬರೂ ಬರೆದಿಡುವ ಹೊತ್ತು ಬೇರೆ ಬೇರೆ ಆಗುವಂತೆ ನೋಡಿಕೊಂಡರು. ಎಐಗೆ ಚಿತ್ರಗಳನ್ನು ಎತ್ತಿಕೊಡಲು ಪ್ರತಿ ಪೆಟ್ಟಿಗೆಯಲ್ಲೂ ಕೆಲವು ಪ್ರೊಸೆಸರುಗಳನ್ನು ಬಿಟ್ಟು, ಉಳಿದವನ್ನು ನದಿಗೆ ಕೊಟ್ಟರು. ಎಐ ಪಾಠ ಒಂದು ಚೂರು ನಿಧಾನವಾಯಿತು, ನೂರಕ್ಕೆ ಎರಡು ಮೂರರಷ್ಟು. "ಅಷ್ಟಕ್ಕೆ ನಾನು ತಲೆಕೆಡಿಸ್ಕೊಳ್ಳಲ್ಲ" ಎಂದರು ಮೇಷ್ಟ್ರು.

ಅಲ್ಲಿಗೇ ನಿಲ್ಲಲಿಲ್ಲ. ಮಳೆ ಎಲ್ಲಿ ಎಷ್ಟು ಸುರಿಯಬಹುದು ಎನ್ನುವುದಕ್ಕೆ ಪ್ರತಿದಿನ ನೂರಾರು ಸಾಧ್ಯತೆಗಳಿರುತ್ತವೆ. ಎಲ್ಲಕ್ಕೂ ನದಿಯನ್ನು ಪೂರ್ತಿ ಹರಿಸಿ ನೋಡಲು ಯಾವ ಯಂತ್ರವೂ ಸಾಲದು. ಮೇಷ್ಟ್ರು ಹಳೆಯ ವರ್ಷಗಳ ನದಿಯ ಲೆಕ್ಕಗಳನ್ನೆಲ್ಲ ತೋರಿಸಿ ಒಂದು ಪುಟ್ಟ ಎಐಗೆ ಪಾಠ ಕಲಿಸಿಕೊಟ್ಟರು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಸಾಧ್ಯತೆಗಳನ್ನು ಜರಡಿ ಹಿಡಿದು, ಅಪಾಯ ಎನ್ನಿಸಿದ ಕೆಲವನ್ನು ಎತ್ತಿ ಕೊಡುತ್ತದೆ. ಅವನ್ನು ಮಾತ್ರ ಸಿಮ್ಯುಲೇಶನ್ ಪೂರ್ತಿ ಹರಿಸಿ ನೋಡುತ್ತದೆ. ಜರಡಿ ಚಿಪ್ಪುಗಳಲ್ಲಿ, ನದಿ ಪ್ರೊಸೆಸರುಗಳಲ್ಲಿ. ಎರಡನ್ನೂ ಒಂದರ ಬೆನ್ನಿಗೊಂದು ಕಟ್ಟಿ, ನಡುವೆ ಖಾಲಿ ಹೊತ್ತು ಉಳಿಯದಂತೆ ಹೆಣೆಯುವುದು ಅಕ್ಕನ ಪಾಲಿಗೆ ಬಂತು.

ಈಗ ತಂಗಿಯ ವಿಷಯ ಹೇಳಬೇಕು. ಒಂದೇ ಜಡೆಯಲ್ಲಿ ಶಾಲೆಗೆ ಹೋಗುತ್ತಿದ್ದ ಆ ಹುಡುಗಿಗೆ ಈಗ ಇಬ್ಬರು ಮಕ್ಕಳು. ನದಿಯ ಕೆಳಗಿನ ಸೇತುವೆಯ ಪಕ್ಕದ ಹಗ್ಗದ ಬೀದಿಯಲ್ಲಿ ಅವಳ ಮನೆ. ಹಿಂದೊಮ್ಮೆ ದೋಣಿಗಳಿಗೆ ಹಗ್ಗ ಹೊಸೆಯುತ್ತಿದ್ದವರ ಬೀದಿ ಅದು. ಮುಂದಿನ ಕೋಣೆಯಲ್ಲಿ ತಂಗಿ ಬಟ್ಟೆ ಹೊಲಿಯುತ್ತಾಳೆ. ಕಳೆದ ಮಳೆಗಾಲದ ನಡುವೆ ಒಂದು ಬೆಳಿಗ್ಗೆ, ಅಕ್ಕ ಇನ್ನೂ ಸ್ವೆಟರಿನ ಗುಂಡಿ ಹಾಕುತ್ತಿರುವಾಗಲೇ, ನದಿ ಮೇಡಂ ಮೆಟ್ಟಿಲು ಇಳಿದು ಓಡಿ ಬಂದರು. ಮೇಲಿನ ಬೆಟ್ಟಗಳಲ್ಲಿ ಮಳೆಯ ಅಂದಾಜು ಒಮ್ಮೆಲೇ ಏರಿತ್ತು.

"ಅಕ್ಕ, ನನಗೆ ಸಿಗೋ ಜಾಗನೆಲ್ಲ ಕೊಡಿ. ಈಗಲೇ ಬೇಕು."

"ಎಲ್ಲಿಗೆ ಬರುತ್ತೆ ನೀರು?"

"ಕೆಳಗಿನ ಸೇತುವೆ ಹತ್ತಿರ ಅನ್ನಿಸ್ತಿದೆ. ಖಚಿತ ಇಲ್ಲ. ಅಕ್ಕ, ಖಚಿತ ಆಗೋವರೆಗೂ ಯಾರಿಗೂ ಹೇಳೋದು ಬೇಡ."

ಯಾರಿಗೂ ಹೇಳೋದು ಬೇಡ ಎಂದದ್ದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಯಾರೋ ಅರೆಬರೆ ಸುದ್ದಿ ಹಬ್ಬಿಸಿ, ಜನವೆಲ್ಲ ಒಟ್ಟಿಗೆ ಕಿರಿದಾದ ಆ ಸೇತುವೆಗೆ ನುಗ್ಗಿ, ಒಬ್ಬ ಮುದುಕರು ಕಾಲ್ತುಳಿತಕ್ಕೆ ಸಿಕ್ಕು ಸತ್ತಿದ್ದರು. ಅವತ್ತು ಪ್ರವಾಹವೂ ಬರಲಿಲ್ಲ. ಆಮೇಲೆ ಆ ಬೀದಿಯವರು ಎಚ್ಚರಿಕೆ ಎಂದರೆ ನಗುತ್ತಿದ್ದರು.

ಅಕ್ಕ ಸ್ವೆಟರಿನ ಗುಂಡಿ ಹಾಕುವುದನ್ನು ಅಲ್ಲಿಗೇ ಬಿಟ್ಟು ಪರದೆಯ ಮುಂದೆ ಕೂತರು. ಎಐ ಪಾಠ ಓಡುತ್ತಿದ್ದ ಪೆಟ್ಟಿಗೆಗಳಲ್ಲೇ ಪ್ರೊಸೆಸರುಗಳಿದ್ದವಲ್ಲ, ಮೊದಲ ಲೆಕ್ಕವನ್ನು ಆ ಕ್ಷಣವೇ ಅಲ್ಲಿ ಹರಿಯಬಿಟ್ಟರು. ಜರಡಿಗೆ ಮಾತ್ರ ಚಿಪ್ಪುಗಳು ಬೇಕು. ಎಕ್ಸ್-ರೇ ಪಾಠ ನಿಲ್ಲಿಸದೆ ಅವು ಸಿಗುವುದಿಲ್ಲ. ಅಕ್ಕ ಮೇಷ್ಟ್ರಿಗೆ ಫೋನು ಮಾಡಿದರು. ಅವರು ಆಗಷ್ಟೇ ಹಲ್ಲುಜ್ಜುತ್ತಿದ್ದರಂತೆ. "ತಗೊಳ್ಳಿ ಅಕ್ಕ, ಕೇಳ್ಬೇಡಿ ನನ್ನ. ನಿಲ್ಲಿಸಿ" ಎಂದರು.

ಒಂದು ಗುಂಡಿ ಒತ್ತಿ ನಿಲ್ಲಿಸಬಹುದಿತ್ತು. ಒತ್ತಿದರೆ ಅಷ್ಟು ಹೊತ್ತಿನ ಪಾಠ ಹೋಗುತ್ತದೆ, ಉಳಿಸಿಟ್ಟು ನಿಲ್ಲಿಸಿದರೆ ಕೆಲವು ನಿಮಿಷ ಹಿಡಿಯುತ್ತದೆ. ನದಿಯ ಮೊದಲ ಲೆಕ್ಕ ಆಗಲೇ ಓಡುತ್ತಿದ್ದುದರಿಂದ ಅಕ್ಕ ಕಾಯುವ ಧೈರ್ಯ ಮಾಡಿದರು. "ಪರದೆ ಮೇಲೆ ಗೆರೆ ಇಷ್ಟಿಷ್ಟೇ ಮುಂದೆ ಹೋಗ್ತಿತ್ತು. ಆ ಹೊತ್ತಲ್ಲೇ ತಂಗಿಗೆ ಫೋನ್ ಮಾಡಿದ್ದು."

ಏನು ಹೇಳಿದಿರಿ ಎಂದು ಕೇಳುತ್ತೇನೆ.

"ಮಕ್ಕಳು ತಿಂಡಿ ತಿಂದ್ವಾ ಅಂದೆ. ತಿಂದ್ವು ಅಂದ್ಲು. ಇವತ್ತು ಶಾಲೆಗೆ ಕಳಿಸ್ತೀಯಾ ಅಂದೆ. ಯಾಕೆ, ಏನಾಯ್ತು ಅಂದ್ಲು. ಏನಿಲ್ಲ, ಸುಮ್ನೆ ಅಂದೆ. ಮಾತು ನಾಲಿಗೆ ತುದೀಲಿತ್ತು. ಅವಳು, ಅಕ್ಕಾ ಕೈ ತುಂಬ ಕೆಲಸ ಇದೆ, ಇವತ್ತು ಐದು ಜನರ ಬಟ್ಟೆ ಕೊಡಬೇಕು ಅಂತ ಇಟ್ಬಿಟ್ಲು."

ಪಾಠ ಉಳಿಯಿತು, ಚಿಪ್ಪುಗಳು ಬಿಡುವಾದವು, ಜರಡಿ ಓಡಿತು. ಅದು ಎತ್ತಿಕೊಟ್ಟ ಸಾಧ್ಯತೆಗಳೆಲ್ಲ ಕೆಳಗಿನ ಸೇತುವೆಯನ್ನೇ ತೋರಿಸುತ್ತಿದ್ದವು. ಪೂರ್ತಿ ಲೆಕ್ಕ ಮುಗಿದು ನದಿ ಮೇಡಂ ಖಚಿತ ಮಾತು ಹೇಳುವಾಗ ಮಧ್ಯಾಹ್ನದ ಊಟದ ಹೊತ್ತು. ಹಳೆಯ ಯಂತ್ರದಲ್ಲಾಗಿದ್ದರೆ ಕತ್ತಲಾಗಿರುತ್ತಿತ್ತು. ಹಗ್ಗದ ಬೀದಿಗೆ ಮೈಕು ಕಟ್ಟಿದ ಗಾಡಿಗಳು ಹೋದವು. ಸೇತುವೆಯ ಎರಡೂ ತುದಿಯಲ್ಲಿ ಪೊಲೀಸರು ನಿಂತರು, ಬೀದಿಯ ಒಂದೊಂದು ಭಾಗದವರನ್ನು ಸರದಿಯಂತೆ ದಾಟಿಸಿದರು. ಹಗಲು ಬೆಳಕಿರುವಾಗಲೇ ಬೀದಿ ಖಾಲಿಯಾಯಿತು. ಕತ್ತಲಾದ ಮೇಲೆ ನೀರು ಬಂತು, ಕಿಟಕಿಯ ಮಟ್ಟಕ್ಕೆ. ಆ ಬೀದಿಯಲ್ಲಿ ಒಂದು ಜೀವವೂ ಹೋಗಲಿಲ್ಲ.

ಜೀವ ಹೋಗಲಿಲ್ಲ, ಬೇರೆ ಬಹಳ ಹೋಯಿತು. ಬೀದಿಯ ಇಸ್ತ್ರಿ ಅಂಗಡಿ ಮುಳುಗಿತು. ತಂಗಿಯ ಹೊಲಿಗೆ ಯಂತ್ರ ಹೋಯಿತು, ಜೊತೆಗೆ ಗಿರಾಕಿಗಳ ಬಟ್ಟೆಗಳು. ಮಕ್ಕಳು, ಕಾಯಿಲೆಯ ಗಂಡ, ಅವರ ಔಷಧ, ಒಂದು ಚೀಲ, ಇಷ್ಟರೊಡನೆ ಅವಳು ಅಕ್ಕನ ಮೂರು ಕೋಣೆಯ ಮನೆಗೆ ಬಂದಳು. ಎರಡು ದಿನ ಕಳೆದ ಮೇಲೆ ಅವಳಿಗೆ ಆ ಬೆಳಗಿನ ಫೋನು ನೆನಪಾಯಿತು.

"ನಿನಗೆ ಗೊತ್ತಿತ್ತು ಅಲ್ವಾ?"

"ಖಚಿತ ಇರಲಿಲ್ಲ."

"ಗೊತ್ತಿತ್ತು. ಆದ್ರೂ ಮಕ್ಕಳು ತಿಂಡಿ ತಿಂದ್ವಾ ಅಂತ ಕೇಳ್ದೆ. ಬೆಳಿಗ್ಗೆ ಒಂದು ಮಾತು ಹೇಳಿದ್ರೆ ಬಟ್ಟೆನಾದ್ರೂ ಮೇಲೆ ಹಾಕ್ತಿದ್ನಲ್ಲಕ್ಕ. ಮಷೀನಾದ್ರೂ ಉಳೀತಿತ್ತು."

ಅಲ್ಲಿಂದ ಮಾತು ನಿಂತಿತು. ಒಂದೇ ಮನೆ, ಒಂದೇ ಒಲೆ, ಮಾತಿಲ್ಲ. ನಡುವೆ ಅಂಚೆಯವರಾಗಿ ನಿಂತವರು ಅತ್ತೆ. "ಅತ್ತೆ, ಉಪ್ಪು ಎಲ್ಲಿದೆ ಅಂತ ಕೇಳಿ", "ಅತ್ತೆ, ಅವಳ ಎದುರಿಗೇ ಇದೆ ಅಂತ ಹೇಳಿ". ಅತ್ತೆ ಒಂದು ದಿನ ರೇಗಿಬಿಟ್ಟರು. "ನನ್ನ ಕಿವಿ ನೆಟ್ಟಗಿದೆ ಅಂತ ಇಬ್ಬರೂ ಸೇರಿ ಸವೆಸ್ತಿದ್ದೀರಾ? ಬಾಯಿ ಇಲ್ವಾ ನಿಮಗೆ?"

ಮಾತು ಮರಳಿದ್ದು ವಾರಗಳು ಕಳೆದ ಮೇಲೆ, ತೊಳೆದ ಬಟ್ಟೆ ಒಣಹಾಕುವಾಗ. ಒದ್ದೆ ಹೊದಿಕೆಯ ಒಂದು ತುದಿ ಅಕ್ಕನ ಕೈಯಲ್ಲಿ, ಇನ್ನೊಂದು ತಂಗಿಯ ಕೈಯಲ್ಲಿ. ಹಿಂಡುತ್ತ ಹಿಂಡುತ್ತ ತಂಗಿಯೇ ಕೇಳಿದಳು. "ಅವತ್ತು ಹೇಳಿದ್ರೆ ಏನಾಗ್ತಿತ್ತು?"

"ನೀನು ಪಕ್ಕದ ಮನೆಗೆ ಹೇಳ್ತಿದ್ದೆ."

"ಹೇಳ್ತಿದ್ದೆ."

"ಅವರು ಅವರ ಪಕ್ಕದ ಮನೆಗೆ."

"ಹೇಳ್ತಿದ್ರು." ತಂಗಿ ಹೊದಿಕೆಯನ್ನು ತಂತಿಯ ಮೇಲೆ ಎಸೆದಳು. "ಸೇತುವೆ ಮೇಲೆ ನಾನು ಈ ಮಕ್ಕಳನ್ನ ಎತ್ಕೊಂಡು ಆ ನೂಕುನುಗ್ಗಲಲ್ಲಿ... ಸರಿ ಬಿಡು. ಆದ್ರೂ ಸಿಟ್ಟು ಹೋಗಿಲ್ಲ ನನಗೆ."

"ಇರಲಿ, ಸಿಟ್ಟು ಇಟ್ಕೊ. ಮಾತು ಬಿಡಬೇಡ."

ಇದನ್ನು ಹೇಳುವಾಗ ಅಕ್ಕನ ಧ್ವನಿ ಸಣ್ಣಗಾಗುತ್ತದೆ. "ಸರಿ ಮಾಡ್ದೆ ಅಂತ ಇವತ್ತಿಗೂ ಎದೆ ತಟ್ಟಿ ಹೇಳಲ್ಲ. ಬೀದಿಗೆ ಸರಿ ಮಾಡಿದ್ದೀನಿ. ತಂಗಿಗೆ ಸರಿ ಮಾಡಿದ್ನಾ, ಗೊತ್ತಿಲ್ಲ. ಎರಡನ್ನೂ ಒಂದೇ ಪೆಟ್ಟಿಗೇಲಿ ಕೂಡ್ಸೋಕೆ ನನಗೆ ಬರಲಿಲ್ಲ."

ತಂಗಿಯ ಮನೆ ಈಗ ಒಣಗಿದೆ, ಗೋಡೆಗೆ ಹೊಸ ಸುಣ್ಣ ಬಿದ್ದಿದೆ. ಅಕ್ಕ ಮತ್ತು ಅವರ ಗಂಡ ಸೇರಿ ಹೊಲಿಗೆ ಯಂತ್ರ ಕೊಡಿಸಿದ್ದಾರೆ. ಬೇಡ ಎಂದು ಅವಳು ಎರಡು ಸಲ ಹೇಳಿ, ಮೂರನೇ ಸಲ ಬಣ್ಣ ಯಾವುದೆಂದು ಕೇಳಿದಳಂತೆ. ಕಳೆದ ತಿಂಗಳು ಕೇಂದ್ರದಲ್ಲಿ ಮನೆಯವರನ್ನೆಲ್ಲ ಒಳಗೆ ಬಿಡುವ ದಿನವಿತ್ತು. ಅವಳೂ ಬಂದಿದ್ದಳು. ನದಿ ಮೇಡಂ ಪರದೆಯ ಮೇಲೆ ನದಿಯ ಲೆಕ್ಕ ತೆರೆದು, ನಕ್ಷೆಯ ಚೌಕ ಚೌಕದ ನಡುವೆ ಹಗ್ಗದ ಬೀದಿಯನ್ನು ತೋರಿಸಿದರು. ತಂಗಿ ಬಹಳ ಹೊತ್ತು ಬಗ್ಗಿ ನೋಡಿ, "ಇಲ್ಲಿ ನಮ್ಮ ಮನೆ ಹಿಂದೆ ಒಂದು ಮೋರಿ ಇದೆ. ಇದರಲ್ಲಿ ಇಲ್ಲ. ಅವತ್ತು ನೀರು ಮೊದಲು ಬಂದಿದ್ದು ಆ ಕಡೆಯಿಂದ್ಲೇ ಅಂತ ಇಸ್ತ್ರಿ ಅಂಗಡಿಯವರು ಹೇಳಿದ್ರು" ಎಂದಳು. ಮೇಡಂ ಕುರ್ಚಿ ಎಳೆದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮುಂದಿನ ವಾರ ಇಬ್ಬರೂ ಬೀದಿಯುದ್ದಕ್ಕೂ ನಡೆದರು. ಆ ಮೋರಿ, ಇನ್ನೂ ಎರಡು ತಗ್ಗುಗಳು, ಒಂದು ಹೊಸ ಗೋಡೆ, ಎಲ್ಲ ಈಗ ಲೆಕ್ಕದೊಳಗಿವೆ. ಲೆಕ್ಕ ಅಷ್ಟರಮಟ್ಟಿಗೆ ದೊಡ್ಡದಾಯಿತು. "ಇನ್ನಷ್ಟು ಜಾಗ ಹುಡುಕೋ ಕೆಲಸ ತಂದಿಟ್ಲು ನನ್ನ ತಂಗಿ" ಎಂದು ಗೊಣಗುತ್ತಾರೆ ಅಕ್ಕ. ಗೊಣಗಾಟದಲ್ಲಿ ಖುಷಿಯೇ ಹೆಚ್ಚು.

ಮೇಷ್ಟ್ರ ಎಕ್ಸ್-ರೇ ಪಾಠ ಆ ದಿನ ನಿಂತ ಜಾಗದಿಂದಲೇ ಮರುದಿನ ಮುಂದುವರಿದು, ಕೊನೆಗೆ ಮುಗಿಯಿತು. ಎರಡು ಆಸ್ಪತ್ರೆಗಳಲ್ಲಿ ವೈದ್ಯರು ಅದನ್ನು ಪರೀಕ್ಷಿಸುತ್ತಿದ್ದಾರೆ. ಜೋಡಿ ಮಾಡಿ ಓಡಿಸುವ ಕ್ರಮ ಈಗ ಒಂದು ಸಾಲಿನ ಪ್ರಯೋಗವಾಗಿ ಉಳಿದಿಲ್ಲ, ಇಡೀ ಯಂತ್ರದ ನಿಯಮ. "ನಾನು ಒಪ್ಪಿಗೆ ಕೊಟ್ಟಿದ್ದೆ" ಎಂದು ನಿರ್ದೇಶಕರು ಈಗ ಎಲ್ಲರಿಗೂ ಹೇಳುತ್ತಾರೆ. ಅಕ್ಕ ಅದನ್ನು ಕೇಳಿ ಮಂದವಾದ ಕಿವಿಯನ್ನು ಆ ಕಡೆ ತಿರುಗಿಸಿಕೊಳ್ಳುತ್ತಾರೆ.

ನಿವೃತ್ತಿಗೆ ಇನ್ನು ಎರಡು ವರ್ಷವೂ ಇಲ್ಲ. ಅವರ ಜಾಗಕ್ಕೆ ಬರಲಿರುವ ಇಬ್ಬರು ಎಂಜಿನಿಯರುಗಳು ಈಗ ಪಕ್ಕದ ಮೇಜುಗಳಲ್ಲಿ ಕೂತು ಕಲಿಯುತ್ತಿದ್ದಾರೆ. ಅಕ್ಕ ತಮಗೆ ಗೊತ್ತಿದ್ದ ಜೋಡಿಗಳ ಗುಣವನ್ನೆಲ್ಲ ಒಂದೊಂದಾಗಿ ನಿಯಮಗಳಾಗಿ ತಂತ್ರಾಂಶಕ್ಕೆ ಸೇರಿಸುತ್ತಿದ್ದಾರೆ. ಯಾರಿಗೂ ಗೊತ್ತಾಗದೆ ನಡೆದ ಕೆಲಸ, ಯಾರಿಗೂ ಗೊತ್ತಾಗದೆಯೇ ಮುಗಿಯಲಿದೆ. ಬೇಸರವಿಲ್ಲವೇ? ಒಂದು ಫಲಕದಲ್ಲೋ, ಒಂದು ವರದಿಯಲ್ಲೋ ಹೆಸರು ಬರಲಿ ಅನ್ನಿಸುವುದಿಲ್ಲವೇ?

ನನ್ನ ಪ್ರಶ್ನೆ ಅವರ ಎಡಗಿವಿಗೆ ಬಿದ್ದಿತ್ತೇನೋ, ಇನ್ನೊಮ್ಮೆ ಕೇಳಿಸಿಕೊಳ್ಳುತ್ತಾರೆ. ಆಮೇಲೆ ತಲೆಯಾಡಿಸುತ್ತ ಹೇಳುತ್ತಾರೆ:

"ನಾನು ಹೋದ ಮಾರನೇ ದಿನ ಇಲ್ಲಿ ಯಾರಿಗೂ ನನ್ನ ನೆನಪು ಬರಬಾರದು. ಬಂತು ಅಂದ್ರೆ ಎಲ್ಲೋ ಏನೋ ನಿಂತಿದೆ ಅಂತ ತಾನೇ ಅರ್ಥ?"